ಜಾಯ್‌ಸ್ಟಿಕ್ ಕೊಳ್ಳುವವರು ನಡುಬಿಂದು ನೋಡಲಿ

ನಮ್ಮ ಕಾಲೇಜಿನಲ್ಲಿ ವಿಮಾನ ಹಾರಿಸುವವರ ಸಣ್ಣ ಗುಂಪೊಂದಿದೆ ಎಂಬುದು ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಊಟದ ಬಿಡುವಿನಲ್ಲಿ ಯಾರಾದರೂ “ನಿನ್ನೆ ರಾತ್ರಿ ದುಬೈಯಿಂದ ಹೊರಟೆ, ಬಜ್ಪೆಯಲ್ಲಿ ಇಳಿಸಲಿಕ್ಕೇ ಆಗಲಿಲ್ಲ ಮಾರಾಯ” ಎಂದು ಹೇಳುವುದು ಕೇಳಿಸಿದರೆ ಗಾಬರಿಯಾಗಬೇಡಿ. ಅವರು ನಮ್ಮವರೇ. ಹಾರಿಸಿದ್ದು ಕಂಪ್ಯೂಟರಿನೊಳಗಿನ ವಿಮಾನ.

ಈ ಗುಂಪಿನಲ್ಲಿ ಪ್ರತಿ ವರ್ಷ ಈದ್ ಕಳೆದ ವಾರ ಒಂದೇ ಚರ್ಚೆ. ಈದಿಯ ಹಣ ಕೈಯಲ್ಲಿರುತ್ತದೆ, ಗಲ್ಫಿನಲ್ಲಿರುವ ಮಾಮನೋ ಕಾಕನೋ ರಜೆಗೆ ಬರುವವರಿರುತ್ತಾರೆ, “ಏನು ತರಲಿ?” ಎಂದು ಕೇಳಿರುತ್ತಾರೆ. ಆಗ ಜಾಯ್‌ಸ್ಟಿಕ್‌ಗಳ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹಾರುತ್ತವೆ. ಎಲ್ಲರೂ ಕೇಳುವ ಮೊದಲ ಪ್ರಶ್ನೆ: “ಎಷ್ಟು ಬಟನ್ ಇದೆ?” ಎರಡನೆಯದು: “ಲೈಟ್ ಉರಿಯುತ್ತದಾ?” ಈ ಎರಡೂ ಪ್ರಶ್ನೆಗಳಿಂದ ಒಳ್ಳೆಯ ಜಾಯ್‌ಸ್ಟಿಕ್ ಸಿಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಕೋಲು ನಟ್ಟನಡುವೆ ನಿಂತಿರುವಾಗ, ಮತ್ತು ಅಲ್ಲಿಂದ ಎರಡು ಮೂರು ಮಿಲಿಮೀಟರ್ ಅತ್ತಿತ್ತ ಸರಿದಾಗ ಏನಾಗುತ್ತದೆ ಎಂಬುದರಲ್ಲೇ ಅದರ ಗುಣ ಇರುವುದು. ಉಳಿದದ್ದೆಲ್ಲ ಆಮೇಲೆ.

ಯಾಕೆ ನಡುಬಿಂದು? ಯುದ್ಧ ವಿಮಾನದ ಕಸರತ್ತು ಬಿಟ್ಟರೆ ಹಾರಾಟದ ಬಹುಪಾಲು ಸಮಯ ಕೋಲು ನಡುವಿನ ಆಸುಪಾಸಿನಲ್ಲೇ ಇರುತ್ತದೆ. ಸೆಸ್ನಾ 172 ವಿಮಾನವನ್ನು ಇಳಿಸುವುದನ್ನೇ ತೆಗೆದುಕೊಳ್ಳಿ. ಸುಮಾರು 65 ನಾಟ್ ವೇಗ, 3 ಡಿಗ್ರಿ ಇಳಿಜಾರು. ತ್ರಿಕೋನಮಿತಿ ಬಲ್ಲವರು ಲೆಕ್ಕ ಹಾಕಬಹುದು: ನಿಮಿಷಕ್ಕೆ ಸುಮಾರು 345 ಅಡಿಯಂತೆ ಕೆಳಗಿಳಿಯಬೇಕು. ಮೂಗು ಒಂದೆರಡು ಡಿಗ್ರಿ ಮೇಲೆದ್ದರೆ ವೇಗ ಕುಸಿಯುತ್ತದೆ, ಕೆಳಗಾದರೆ ರನ್‌ವೇ ಮುಟ್ಟುವ ಮೊದಲೇ ನೆಲ ಬರುತ್ತದೆ. ಹಾಗಾಗಿ ಕೈ ಮಾಡಬೇಕಾದದ್ದು ಬಹಳ ಸಣ್ಣ ಕೆಲಸ: ಸ್ವಲ್ಪ ಎಳೆ, ಬಿಡು, ಒಂದು ಕೂದಲೆಳೆ ಎಡಕ್ಕೆ, ಬಿಡು. ಬಜ್ಪೆಯ ರನ್‌ವೇ ಬೇರೆ ಗುಡ್ಡದ ತಲೆಯ ಮೇಲಿದೆ, ಉದ್ದ 2,450 ಮೀಟರ್, ತುದಿಗಳಲ್ಲಿ ಕಣಿವೆ. ಅಲ್ಲಿ ಅಡ್ಡಗಾಳಿ ಹಾಕಿಕೊಂಡು ಇಳಿಸಿ ನೋಡಿ. ಕೋಲಿನ ಮೂವತ್ತು ಬಟನ್‌ಗಳಲ್ಲಿ ಒಂದೂ ಸಹಾಯಕ್ಕೆ ಬರುವುದಿಲ್ಲ.

ಕೀಬೋರ್ಡಿನಲ್ಲಿ ಈ ಸಣ್ಣ ಕೆಲಸ ಸಾಧ್ಯವೇ ಇಲ್ಲ. ಕೀಲಿ ಒತ್ತಿದರೆ ಇದೆ, ಬಿಟ್ಟರೆ ಇಲ್ಲ. ಗೇಮ್‌ಪ್ಯಾಡಿನ ಹೆಬ್ಬೆರಳ ಕಡ್ಡಿಯಲ್ಲಿ ಸಾಧ್ಯ, ಆದರೆ ಅದರ ಓಟ ತೀರಾ ಗಿಡ್ಡ. ಜಾಯ್‌ಸ್ಟಿಕ್‌ಗೆ ಹಣ ಕೊಡುವುದೇ ಆ ಸಣ್ಣ ಚಲನೆಗಾಗಿ. ಅದೇ ಸರಿಯಿಲ್ಲದ ಕೋಲನ್ನು ಕೊಂಡರೆ ಹಣ ಕೊಟ್ಟ ಉದ್ದೇಶವೇ ಹಾಳು.

ಇನ್ನು ಒಳಗಿನ ಕಥೆ. ಕೋಲು ಎಷ್ಟು ವಾಲಿದೆ ಎಂದು ಕಂಪ್ಯೂಟರಿಗೆ ತಿಳಿಸುವ ಸೆನ್ಸರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಪೊಟೆನ್ಷಿಯೊಮೀಟರ್. ನಮ್ಮ ಭೌತಶಾಸ್ತ್ರ ಲ್ಯಾಬಿನಲ್ಲಿ ಓಮ್‌ನ ನಿಯಮದ ಪ್ರಯೋಗಕ್ಕೆ ಬಳಸುವ ರಿಯೋಸ್ಟಾಟ್ ನೆನಪಿಸಿಕೊಳ್ಳಿ. ಸುರುಳಿಯ ಮೇಲೆ ಒಂದು ಸ್ಪರ್ಶಕ ಜಾರುತ್ತದೆ, ಜಾರಿದಂತೆ ರೋಧ ಬದಲಾಗುತ್ತದೆ. ಜಾಯ್‌ಸ್ಟಿಕ್ಕಿನ ಪೊಟೆನ್ಷಿಯೊಮೀಟರ್ ಅದರ ಪುಟ್ಟ ತಮ್ಮ. ಲ್ಯಾಬಿನ ರಿಯೋಸ್ಟಾಟ್‌ನಲ್ಲಿ ಕೆಲವು ಜಾಗಗಳಲ್ಲಿ ಅಮ್ಮೀಟರಿನ ಮುಳ್ಳು ಕುಣಿಯುವುದನ್ನು ನೀವೆಲ್ಲ ನೋಡಿದ್ದೀರಿ, ಬೈದಿದ್ದೀರಿ. ಸ್ಪರ್ಶಕ ಸವೆದಿರುತ್ತದೆ, ಇಲ್ಲವೇ ಧೂಳು ಕೂತಿರುತ್ತದೆ. ಜಾಯ್‌ಸ್ಟಿಕ್ಕಿನಲ್ಲೂ ಅದೇ ಆಗುತ್ತದೆ. ಎಲ್ಲಿ ಹೆಚ್ಚು ಸವೆಯುತ್ತದೆ ಹೇಳಿ? ಕೋಲು ಸದಾ ಓಡಾಡುವ ನಡುವಿನಲ್ಲೇ. ನಮಗೆ ಅತಿ ಹೆಚ್ಚು ಬೇಕಾದ ಜಾಗವೇ ಎಲ್ಲಕ್ಕಿಂತ ಮೊದಲು ಕೆಡುತ್ತದೆ. ನಮ್ಮ ಕರಾವಳಿಯ ತೇವ, ಉಪ್ಪುಗಾಳಿ ಇದಕ್ಕೆ ಇನ್ನಷ್ಟು ನೆರವು ನೀಡುತ್ತವೆ.

ಎರಡನೆಯದು ಹಾಲ್ ಸೆನ್ಸರ್. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮ ಇದು. ವಿದ್ಯುತ್ ಹರಿಯುತ್ತಿರುವ ತೆಳು ಹಾಳೆಗೆ ಲಂಬವಾಗಿ ಕಾಂತಕ್ಷೇತ್ರ ಒಡ್ಡಿದರೆ ಹಾಳೆಯ ಎರಡು ಅಂಚುಗಳ ನಡುವೆ ಒಂದು ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ದ್ವಿತೀಯ ಪಿಯುಸಿಯವರಿಗೆ ಲೊರೆಂಟ್ಜ್ ಬಲ ಗೊತ್ತು, ಅದರದ್ದೇ ಕೈವಾಡ. ಕೋಲಿನ ಬುಡಕ್ಕೆ ಅಯಸ್ಕಾಂತ ಕೂಡಿಸಿ ಅದರ ಎದುರು ಸೆನ್ಸರ್ ಇಟ್ಟರೆ, ಕೋಲು ವಾಲಿದಂತೆ ವೋಲ್ಟೇಜ್ ಬದಲಾಗುತ್ತದೆ. ಒಂದಕ್ಕೊಂದು ತಾಗುವುದೇ ಇಲ್ಲ, ಆದ್ದರಿಂದ ಉಜ್ಜಿ ಸವೆಯುವ ಪ್ರಶ್ನೆಯೂ ಇಲ್ಲ. ಮಾಮ “ಏನು ತರಲಿ” ಎಂದು ಕೇಳಿದಾಗ “ಹಾಲ್ ಸೆನ್ಸರ್ ಇರುವುದು” ಎಂಬ ಮೂರು ಪದ ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಇದನ್ನು ಇಷ್ಟು ಒತ್ತಿ ಹೇಳಲು ಒಂದು ಕಾರಣವಿದೆ. ನಮ್ಮ ಗುಂಪಿನ ಒಬ್ಬ ಗೆಳೆಯ ಕಳೆದ ವರ್ಷ ಹಾರಿಸುವುದನ್ನೇ ನಿಲ್ಲಿಸಿಬಿಟ್ಟಿದ್ದ. ಕೇಳಿದರೆ, “ನನ್ನ ಕೈ ನಡುಗುತ್ತದೆ, ವಿಮಾನ ನೆಟ್ಟಗೆ ನಿಲ್ಲುವುದೇ ಇಲ್ಲ, ಇದು ನನ್ನಂಥವರಿಗೆ ಹೇಳಿದ್ದಲ್ಲ” ಎಂದ. ಪೈಲಟ್ ಆಗಬೇಕೆಂದು ಎಂಟನೇ ತರಗತಿಯಿಂದ ಹೇಳಿಕೊಂಡು ಬಂದವನು. ಅವನ ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಜಾಯ್‌ಸ್ಟಿಕ್ ಪರೀಕ್ಷಿಸುವ ಕಿಟಕಿ ತೆರೆದೆವು. ಕೋಲನ್ನು ಯಾರೂ ಮುಟ್ಟಿರಲಿಲ್ಲ. ಪರದೆಯ ಮೇಲಿನ ಕೂಡುಗುರುತು ಮಾತ್ರ ಸಾರಿಗೆ ಹಾಕಿದ ಸಾಸಿವೆಯಂತೆ ಸಿಡಿಯುತ್ತಿತ್ತು! ನಡುಗುತ್ತಿದ್ದದ್ದು ಅವನ ಕೈಯಾಗಿರಲಿಲ್ಲ. ಎರಡು ತಿಂಗಳು ಅವನು ಒಂದು ಸವೆದ ಬಿಡಿಭಾಗದ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡಿದ್ದ. ಅಗ್ಗದ ಕೋಲಿನ ನಿಜವಾದ ಬೆಲೆ ಇದು. ಕಲಿಯುವವನಿಗೆ ತನ್ನ ತಪ್ಪು ಯಾವುದು, ಸಾಧನದ ತಪ್ಪು ಯಾವುದು ಎಂದು ತಿಳಿಯದಂತೆ ಅದು ಮಾಡುತ್ತದೆ.

ಆ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ವಿಂಡೋಸ್‌ನ ರನ್ ಪೆಟ್ಟಿಗೆಯಲ್ಲಿ ‘ಜಾಯ್’ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಚುಕ್ಕಿ, ಆಮೇಲೆ ‘ಸಿಪಿಎಲ್’ ಎಂದು ಬರೆದು ಎಂಟರ್ ಒತ್ತಿದರೆ ಗೇಮ್ ಕಂಟ್ರೋಲರ್‌ಗಳ ಪಟ್ಟಿ ಬರುತ್ತದೆ. ಅಲ್ಲಿ ನಿಮ್ಮ ಕೋಲನ್ನು ಆರಿಸಿ ಪ್ರಾಪರ್ಟೀಸ್ ತೆರೆಯಿರಿ. ಕೈ ತೆಗೆದು ಒಂದು ನಿಮಿಷ ಸುಮ್ಮನೆ ನೋಡಿ. ಗುರುತು ಅಲುಗಬಾರದು. ಆಮೇಲೆ ಕೋಲನ್ನು ಎಡಕ್ಕೆ ಒಯ್ದು ನಿಧಾನವಾಗಿ ನಡುವಿಗೆ ಬರಲು ಬಿಡಿ, ಹಾಗೆಯೇ ಬಲದಿಂದ. ಎರಡು ಸಲವೂ ಗುರುತು ಒಂದೇ ಜಾಗದಲ್ಲಿ ನಿಲ್ಲಬೇಕು. ಬೇರೆ ಬೇರೆ ಕಡೆ ನಿಂತರೆ ಸ್ಪ್ರಿಂಗಿನಲ್ಲೋ ಕೀಲಿನಲ್ಲೋ ಸಡಿಲವಿದೆ ಎಂದರ್ಥ. ಕೊನೆಗೆ ಕೋಲನ್ನು ಮುಂದಕ್ಕೆ ಮಾತ್ರ ತಳ್ಳಿ, ತಿರುಚುವ ಅಕ್ಷದ ಪಟ್ಟಿ ಕದಲುತ್ತದೋ ನೋಡಿ. ಹಳೆಯ ಕೋಲು ಕೊಳ್ಳಲು ಹೋಗುವವರು ಲ್ಯಾಪ್‌ಟಾಪ್ ಹೊತ್ತುಕೊಂಡೇ ಹೋಗಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡುವಾಗ ಈ ಐದು ನಿಮಿಷದ ಪರೀಕ್ಷೆಗೆ ಒಪ್ಪದ ಅಂಗಡಿಯಿಂದ ಮುಂದಿನ ಅಂಗಡಿಗೆ ನಡೆಯಿರಿ.

“ಡೆಡ್‌ಜೋನ್ ಹೆಚ್ಚಿಸಿದರೆ ಸರಿಹೋಗುತ್ತದಲ್ಲ?” ಎಂದು ಕೇಳುವವರಿದ್ದಾರೆ. ನಡುವಿನ ಸುತ್ತ ಇಷ್ಟು ಚಲನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಸಿಮ್ಯುಲೇಟರಿಗೆ ಹೇಳುವ ವ್ಯವಸ್ಥೆ ಅದು. ಗುರುತು ಸಿಡಿಯುವುದು ನಿಲ್ಲುತ್ತದೆ, ನಿಜ. ಜೊತೆಗೆ ನಮ್ಮ ಸಣ್ಣ ಚಲನೆಗಳೂ ಕಿವುಡು ಕಿವಿಗೆ ಬೀಳುತ್ತವೆ. ಕೋಲು ಸರಿಸಿದರೆ ಏನೂ ಆಗುವುದಿಲ್ಲ, ಇನ್ನಷ್ಟು ಸರಿಸಿದರೆ ಒಮ್ಮೆಲೇ ವಿಮಾನ ವಾಲುತ್ತದೆ. ಒಂದೆರಡು ಶೇಕಡ ಡೆಡ್‌ಜೋನ್ ತೊಂದರೆಯಿಲ್ಲ. ಅದಕ್ಕಿಂತ ಹೆಚ್ಚು ಬೇಕು ಎನಿಸಿದರೆ ರೋಗ ಬೇರೆಯೇ ಇದೆ.

ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯುವ ‘ರೆಸಲ್ಯೂಷನ್’ ಬಗ್ಗೆಯೂ ಒಂದು ಲೆಕ್ಕ. ಕೋಲು ಎಡದ ತುದಿಯಿಂದ ಬಲದ ತುದಿಗೆ 40 ಡಿಗ್ರಿ ಓಡುತ್ತದೆ, ಕೈ ಹಿಡಿಯುವ ಜಾಗ ಬುಡದಿಂದ 20 ಸೆಂ.ಮೀ. ಮೇಲಿದೆ ಎಂದುಕೊಳ್ಳಿ. 8 ಬಿಟ್ ಎಂದರೆ 256 ಹಂತ, ಒಂದು ಹಂತಕ್ಕೆ ಕೈ ಸುಮಾರು ಅರ್ಧ ಮಿಲಿಮೀಟರ್ ಸರಿಯಬೇಕು. ಇದು ಒರಟು. 10 ಬಿಟ್ ಆದರೆ 1,024 ಹಂತ, ಒಂದು ಹಂತ ಸುಮಾರು 0.14 ಮಿ.ಮೀ. 12 ಬಿಟ್ ಆದರೆ 4,096 ಹಂತ, 0.034 ಮಿ.ಮೀ. ತಲೆಗೂದಲಿನ ದಪ್ಪವೇ ಸುಮಾರು 0.07 ಮಿ.ಮೀ. ಇರುತ್ತದೆ! ಅರ್ಧ ಕೂದಲಿನಷ್ಟು ಕೈ ಸರಿಸಬಲ್ಲವರು ನಮ್ಮಲ್ಲಿ ಯಾರಿದ್ದೀರಿ? 16 ಬಿಟ್‌ನ 65,536 ಹಂತಗಳ ಬಗ್ಗೆ ಕೊಚ್ಚಿಕೊಳ್ಳುವ ಜಾಹೀರಾತು ಸುಳ್ಳಲ್ಲ, ನಮ್ಮ ಕೈಗೆ ಅದರಿಂದ ಲಾಭವಿಲ್ಲ ಅಷ್ಟೇ. 10 ಬಿಟ್ ದಾಟಿದ ಮೇಲೆ ಹಣವನ್ನು ಸ್ಪ್ರಿಂಗ್ ಮತ್ತು ಕೀಲಿಗೆ ಹಾಕಿ.

ಕೀಲಿನ ಬಗ್ಗೆ ಹೇಳಲೇಬೇಕು, ಯಾಕೆಂದರೆ ಹಾಲ್ ಸೆನ್ಸರ್ ಒಂದಿದ್ದರೆ ಎಲ್ಲ ಮುಗಿಯಿತು ಎಂದುಕೊಳ್ಳುವವರೂ ಇದ್ದಾರೆ. ಅಗ್ಗದ ಕೋಲುಗಳಲ್ಲಿ ಬುಡದ ಸುತ್ತ ಒಂದೇ ದೊಡ್ಡ ಸ್ಪ್ರಿಂಗ್ ಇರುತ್ತದೆ, ಅದು ಒಂದು ಪ್ಲಾಸ್ಟಿಕ್ ತಟ್ಟೆಯನ್ನು ಒತ್ತಿ ಕೋಲನ್ನು ನೆಟ್ಟಗೆ ನಿಲ್ಲಿಸುತ್ತದೆ. ನಡುವಿನಿಂದ ಹೊರಡಿಸಲು ಮೊದಲು ಒಂದು ತಳ್ಳು ಕೊಡಬೇಕು, ಆಮೇಲೆ ‘ಟಕ್’ ಎಂದು ಸಡಿಲಾಗುತ್ತದೆ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಉಜ್ಜಿ ಅಂಟಿದಂತೆ ಆಗುವುದೂ ಉಂಟು. ಒಳ್ಳೆಯ ಕೋಲಿನಲ್ಲಿ ಹಿಂದೆ-ಮುಂದೆಗೆ ಒಂದು, ಎಡ-ಬಲಕ್ಕೆ ಒಂದು ಎಂದು ಬೇರೆ ಬೇರೆ ಸ್ಪ್ರಿಂಗ್ ಇದ್ದು, ಅವುಗಳ ಬಿಗಿಯನ್ನು ಬದಲಿಸಲೂ ಬರುತ್ತದೆ. ಇದನ್ನು ಪೆಟ್ಟಿಗೆಯ ಮೇಲೆ ಓದಿ ತಿಳಿಯಲು ಆಗುವುದಿಲ್ಲ. ಎರಡು ಬೆರಳಿನಲ್ಲಿ ಹಿಡಿದು, ಕಣ್ಣು ಮುಚ್ಚಿ, ನಡುವಿನ ಸುತ್ತ ಒಂದು ರೂಪಾಯಿ ನಾಣ್ಯದಷ್ಟು ವೃತ್ತ ಎಳೆದು ನೋಡಿ. ಎಲ್ಲಿಯೂ ಮೂಲೆ ಸಿಗದೆ ದುಂಡಗೆ ಬಂದರೆ ಕೋಲು ಒಳ್ಳೆಯದು.

ಅಕ್ಷಗಳು ಕನಿಷ್ಠ ನಾಲ್ಕಿರಲಿ: ಏಲೆರಾನ್, ಎಲಿವೇಟರ್, ರಡ್ಡರ್, ಥ್ರಾಟಲ್. ರಡ್ಡರಿಗೆ ನಿಜವಾದ ವಿಮಾನದಲ್ಲಿ ಕಾಲಿನ ಪೆಡಲ್ ಇರುತ್ತದೆ. ನಮಗೆ ಕೋಲನ್ನೇ ತಿರುಚುವ ವ್ಯವಸ್ಥೆ ಸಾಕು. ಅಡ್ಡಗಾಳಿಯಲ್ಲಿ ಇಳಿಸುವವನಿಗೆ ಅದಿಲ್ಲದೆ ಗತಿಯಿಲ್ಲ. ಎಷ್ಟೋ ಮಾದರಿಗಳಲ್ಲಿ ಮೊದಲು ಕೆಡುವುದೂ ಈ ತಿರುಚುವ ಅಕ್ಷವೇ ಎಂಬುದನ್ನು ಹಳೆಯ ಮಾಲು ಕೊಳ್ಳುವವರು ಮರೆಯಬಾರದು.

ಬಟನ್ ಎಷ್ಟು ಬೇಕು ಎಂದರೆ ಎಂಟು ಹತ್ತು ಸಾಕು ಎನ್ನುತ್ತೇನೆ. ಸುತ್ತ ನೋಡಲು ಹೆಬ್ಬೆರಳಿನ ಹ್ಯಾಟ್ ಸ್ವಿಚ್, ಬ್ರೇಕ್, ಫ್ಲಾಪ್, ಚಕ್ರ, ಮತ್ತು ಮರೆಯದೆ ಟ್ರಿಮ್‌ಗೆ ಎರಡು. ನಮ್ಮಲ್ಲಿ ಅರ್ಧ ಜನ ಟ್ರಿಮ್ ಮುಟ್ಟುವುದೇ ಇಲ್ಲ. ಇಡೀ ಹಾರಾಟ ಕೋಲನ್ನು ಎಳೆದು ಹಿಡಿದೇ ಕೂತಿರುತ್ತಾರೆ, ಆಮೇಲೆ ಮಣಿಕಟ್ಟು ನೋಯುತ್ತದೆ, ಸ್ಪ್ರಿಂಗ್ ಬಿಗಿ ಎಂದು ದೂರುತ್ತಾರೆ. ಬೇಕಾದ ಭಂಗಿಯಲ್ಲಿ ಹಿಡಿದುಕೊಂಡು ಟ್ರಿಮ್ ಬಟನ್ ಒತ್ತುತ್ತ ಕೋಲನ್ನು ಮೆಲ್ಲಗೆ ನಡುವಿಗೆ ಬಿಟ್ಟುಕೊಡಬೇಕು. ಆಗ ಕೈ ಬಿಟ್ಟರೂ ಸೆಸ್ನಾ ತನ್ನ ಪಾಡಿಗೆ ಹಾರುತ್ತದೆ. ಇಲ್ಲೂ ನಡುಬಿಂದು ನೆಟ್ಟಗಿದ್ದರೆ ಮಾತ್ರ ಟ್ರಿಮ್ ನಿಲ್ಲುವುದು.

ಯಾವ ವಿಮಾನ ಹಾರಿಸುತ್ತೀರಿ ಎಂಬುದೂ ಮುಖ್ಯ. ಏರ್‌ಬಸ್ ಎ320 ಇಷ್ಟಪಡುವವರು ಅದೃಷ್ಟವಂತರು. 1988ರಲ್ಲಿ ಸೇವೆಗೆ ಬಂದ ಆ ವಿಮಾನದಲ್ಲಿ ಪೈಲಟ್‌ನ ಪಕ್ಕದಲ್ಲಿರುವುದು ಒಂದು ಸ್ಪ್ರಿಂಗ್ ಇರುವ ಸಣ್ಣ ಕೋಲೇ. ಸಾಮಾನ್ಯ ಸ್ಥಿತಿಯಲ್ಲಿ ಅದು ಕಂಪ್ಯೂಟರಿಗೆ “ಇಷ್ಟು ವೇಗದಲ್ಲಿ ವಾಲು” ಎಂದು ಹೇಳುತ್ತದೆ, ಪೂರ್ತಿ ಒತ್ತಿದರೂ ಸೆಕೆಂಡಿಗೆ 15 ಡಿಗ್ರಿಗಿಂತ ಹೆಚ್ಚಿಲ್ಲ. ಕೈ ಬಿಟ್ಟರೆ, ವಾಲಿದ್ದು 33 ಡಿಗ್ರಿಯೊಳಗಿದ್ದಲ್ಲಿ ವಿಮಾನ ಅದೇ ಭಂಗಿಯಲ್ಲಿ ಮುಂದುವರಿಯುತ್ತದೆ. ನಮ್ಮ ಮೇಜಿನ ಕೋಲು ಅದಕ್ಕೆ ಬಹಳ ಹತ್ತಿರ. ಬೋಯಿಂಗ್ 737 ಮತ್ತು ಸೆಸ್ನಾದಲ್ಲಿ ಇರುವುದು ಯೋಕ್, ಅಂದರೆ ಕಾರಿನ ಸ್ಟಿಯರಿಂಗ್ ಮುರಿದು ಅರ್ಧ ಮಾಡಿದಂತಹ ಹಿಡಿಕೆ. ಅದಕ್ಕಾಗಿ ಪ್ರತ್ಯೇಕ ಯೋಕ್ ಕೊಳ್ಳಬೇಕೆಂದೇನೂ ಇಲ್ಲ, ಕೋಲಿನಲ್ಲೇ ಚೆನ್ನಾಗಿ ಕಲಿಯಬಹುದು.

ಹೆಸರು ಹೇಳಿ ಎಂದು ಕೇಳುತ್ತೀರಿ, ಹೇಳುತ್ತೇನೆ. ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೊ ಬಹಳ ವರ್ಷಗಳಿಂದ ಇರುವ ಮಾದರಿ. 12 ಬಟನ್, ತಿರುಚುವ ಹಿಡಿಕೆ, ಬುಡದಲ್ಲೇ ಥ್ರಾಟಲ್. ಬಲಗೈಗೆ ಮಾತ್ರ ಹೊಂದುತ್ತದೆ. ಆಸಕ್ತಿ ಎಷ್ಟು ದಿನ ಉಳಿಯುತ್ತದೆ ಎಂದು ಗೊತ್ತಿಲ್ಲದವರಿಗೆ ಇದು ಸಾಕು. ಥ್ರಸ್ಟ್‌ಮಾಸ್ಟರ್ ಟಿ.16000ಎಂ ನನ್ನ ಶಿಫಾರಸು. ಮುಖ್ಯ ಎರಡು ಅಕ್ಷಗಳಿಗೆ ಹಾಲ್ ಸೆನ್ಸರ್ ಇದೆ, ತಿರುಚುವ ಅಕ್ಷಕ್ಕೆ ಮಾತ್ರ ಪೊಟೆನ್ಷಿಯೊಮೀಟರ್. ಹಿಡಿಕೆಯ ಭಾಗಗಳನ್ನು ಬದಲಿಸಿ ಎಡಗೈಗೂ ಹೊಂದಿಸಬಹುದು. ಎಡಗೈಯವರಿಗಷ್ಟೇ ಅಲ್ಲ, ಎ320ರ ಕ್ಯಾಪ್ಟನ್ ಆಗಿ ಎಡ ಆಸನದಲ್ಲಿ ಕೂರಬೇಕೆನ್ನುವವರಿಗೂ ಇದು ಬೇಕು, ಯಾಕೆಂದರೆ ಅಲ್ಲಿ ಕೋಲು ಎಡಗೈಯಲ್ಲೇ ಇರುತ್ತದೆ. ಇನ್ನೂ ಹಣ ಇರುವವರಿಗೆ ವಿಕೆಬಿ ಗ್ಲಾಡಿಯೇಟರ್ ಎನ್‌ಎಕ್ಸ್‌ಟಿ. ತಿರುಚುವ ಅಕ್ಷದಲ್ಲೂ ಒಂದಕ್ಕೊಂದು ತಾಗದ ಸೆನ್ಸರ್, ಸ್ಪ್ರಿಂಗ್ ಬದಲಿಸುವ ಅವಕಾಶ. ಎ-10 ಯುದ್ಧ ವಿಮಾನದ ಪ್ರತಿಕೃತಿಯಾದ ಥ್ರಸ್ಟ್‌ಮಾಸ್ಟರ್ ವಾರ್ಟ್‌ಹಾಗ್ ಬಗ್ಗೆ ನಮ್ಮ ಹುಡುಗರು ಕನಸು ಕಾಣುತ್ತಾರೆ. ಲೋಹದ್ದು, ತೂಕದ್ದು, ಚೆಂದದ್ದು. ಅದರಲ್ಲಿ ತಿರುಚುವ ರಡ್ಡರ್ ಇಲ್ಲ, ಪೆಡಲ್ ಬೇರೆ ಕೊಳ್ಳಬೇಕು. ಹಿಡಿಕೆಯೂ ದೊಡ್ಡದು. ಒಂಬತ್ತನೇ ತರಗತಿಯ ನನ್ನ ತಂಗಿ ನಮ್ಮೆಲ್ಲರಿಗಿಂತ ಮೆತ್ತಗೆ ವಿಮಾನ ಇಳಿಸುತ್ತಾಳೆ (ಇದನ್ನು ಮುದ್ರಿಸಬೇಕೆಂದು ಅವಳದೇ ಒತ್ತಾಯ). ಅವಳ ಹೆಬ್ಬೆರಳಿಗೆ ಎಟುಕದ ಹ್ಯಾಟ್ ಸ್ವಿಚ್ ಇದ್ದರೇನು, ಬಿಟ್ಟರೇನು? ನಿಮ್ಮ ಕೈಯ ಅಳತೆಗೆ ಕೊಳ್ಳಿ.

ಕೊಂಡ ಮೇಲೆ ಮೇಜಿನ ಅಂಚಿನಲ್ಲಿ ಎತ್ತರಕ್ಕೆ ಇಟ್ಟು ಭುಜ ಎತ್ತಿಕೊಂಡು ಹಾರಿಸಬೇಡಿ. ಮುಂಗೈ ಪೂರ್ತಿ ಊರಿರಬೇಕು. ಎ320ರ ಆಸನಕ್ಕೆ ಎತ್ತರ ಬದಲಿಸಬಲ್ಲ ಕೈದಿಂಬು ಇರುವುದು ಸುಮ್ಮನೆಯಲ್ಲ. ಹಗುರ ಬುಡದ ಕೋಲು ಜಾರುತ್ತದೆ. ಬಡಗಿಯ ಬಳಿ ಒಂದು ತುಂಡು ಪ್ಲೈವುಡ್ ಕೇಳಿ ಅದಕ್ಕೆ ಬಿಗಿದುಕೊಂಡರೆ ಮುಗಿಯಿತು.

ಮಾಮ ತರುವ ಕೋಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ಅಲ್ಲಿ ಕೊಂಡ ವಸ್ತುವಿನ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಕೊಳ್ಳುವಾಗಲೇ ಅಂಗಡಿಯವರನ್ನು ಕೇಳಲು ಹೇಳಿ. ಬಿಲ್ ಜೋಪಾನವಾಗಿಡಿ. ಅವರ ರಜೆ ಮುಗಿಯುವ ಮೊದಲೇ ಮೇಲಿನ ಪರೀಕ್ಷೆ ಮಾಡಿ, ಕೆಟ್ಟಿದ್ದರೆ ಅವರ ಜೊತೆಗೇ ವಾಪಸ್ ಹೋಗಲಿ.

ಇನ್ನು ಮನೆಯವರ ಮಾತು. “ಇದನ್ನು ಕೊಟ್ಟರೆ ಪೈಲಟ್ ಆಗುತ್ತೇನೆ” ಎಂದು ಉಮ್ಮನ ಬಳಿ ಹೇಳಿ ಹಣ ಕೇಳುವವರಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಮನೆಯ ಮೇಜಿನ ಮುಂದೆ ಕೂತ ಒಂದು ಗಂಟೆಯೂ ಆ ಲೆಕ್ಕಕ್ಕೆ ಸೇರುವುದಿಲ್ಲ. ಆ ಖರ್ಚಿನ ಮುಂದೆ ಕೋಲಿನ ಬೆಲೆ ಏನೂ ಅಲ್ಲ ಎಂಬುದೂ ನಿಜ, ಆದರೆ ಬೇರೆ ಮನೆಗಳಲ್ಲಿ ಅದು ಒಂದು ಸೈಕಲ್ಲಿನ ಬೆಲೆ. ನಿಜ ಹೇಳಿ ಕೇಳಿ: ನನಗೆ ಇದು ಇಷ್ಟ, ವಿಮಾನ ಹೇಗೆ ಹಾರುತ್ತದೆ ಎಂದು ಇದರಿಂದ ಅರ್ಥವಾಗುತ್ತದೆ, ಸಿಇಟಿ ಮುಗಿದ ಮೇಲೆ ಕೊಡಿಸಿ. ಅಷ್ಟರವರೆಗೆ ಫ್ಲೈಟ್‌ಗಿಯರ್ ಎಂಬ ಉಚಿತ ಸಿಮ್ಯುಲೇಟರ್ ಇದೆ, ಅದನ್ನು ಮೌಸಿನಲ್ಲೂ ಹಾರಿಸಬಹುದು. ಎರಡು ವಾರದಲ್ಲಿ ಬೇಸರ ಬಂದರೆ ಈದಿಯ ಹಣ ಉಳಿಯಿತು.

ಸವೆದ ಪೊಟೆನ್ಷಿಯೊಮೀಟರಿನ ಕೋಲು ಮತ್ತು ಹಾಲ್ ಸೆನ್ಸರ್ ಇರುವ ಕೋಲು, ಎರಡೂ ನಮ್ಮ ಗುಂಪಿನಲ್ಲಿವೆ. ಪ್ರಾಂಶುಪಾಲರ ಅನುಮತಿ ಸಿಕ್ಕರೆ ಪರೀಕ್ಷೆಗಳು ಮುಗಿದ ವಾರ ಕಂಪ್ಯೂಟರ್ ಲ್ಯಾಬಿಗೆ ತರುತ್ತೇವೆ. ಕೊಳ್ಳುವ ಯೋಚನೆ ಇರುವವರು ಬಂದು, ಕಣ್ಣು ಮುಚ್ಚಿ, ಎರಡರಲ್ಲೂ ಆ ಒಂದು ರೂಪಾಯಿಯ ವೃತ್ತ ಎಳೆದು ನೋಡಿ.